ನೇರಳೆ ಕಸೆಯ ಮೂರು ಕುಚ್ಚು

ಕೋತಿಯ ವರ್ಷ, ಮೂರನೆಯ ತಿಂಗಳ ಹತ್ತು

ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಸೋಯಾ ರಸದ ಗಡಿಗೆಗೆ ಕೈ ಹಾಕಿ ನೋಡಿದೆ. ಇದೆ. ಇಲ್ಲದೆ ಎಲ್ಲಿಗೆ ಹೋಗುತ್ತೆ, ಕಾಲಿಲ್ಲದ ವಸ್ತು. ಆದರೂ ದಿನಕ್ಕೊಮ್ಮೆ ಮುಟ್ಟಿ ನೋಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಅನ್ನ ಅಂತ ಬರೆದೆನಲ್ಲ, ಅಭ್ಯಾಸಬಲ. ಇಳಿಯಬೇಕಾದದ್ದು ಬಾರ್ಲಿ ಗಂಜಿ.

ಎಣ್ಣೆಕಾಗದದಲ್ಲಿ ಸುತ್ತಿ, ಸೋರೆಬುರುಡೆಯೊಳಗಿಟ್ಟು, ಬಾಯಿಗೆ ಜೇನುಮೇಣ ಮೆತ್ತಿ ಮುಳುಗಿಸಿದ್ದೇನೆ. ಮೇಣ ಬಿರುಕು ಬಿಟ್ಟರೆ ಏನು ಗತಿ? ಕೆಂಪು ಕುಚ್ಚಿನ ಹವಳದ ಕೊಂಬೆಗೆ ಏನೂ ಆಗಲಿಕ್ಕಿಲ್ಲ, ಅದು ಉಪ್ಪುನೀರಿನಲ್ಲೇ ಹುಟ್ಟಿದ್ದು. ನೀಲಿ ಕುಚ್ಚಿನ ಬಿಳಿಗಲ್ಲಿನ ಚಿಟ್ಟೆಯೂ ತಾಳಿಕೊಳ್ಳುತ್ತೆ. ಹಳದಿ ಕುಚ್ಚಿನ ಪುಟ್ಟ ಬೆಳ್ಳಿ ಚಾಕುವಿನದೇ ಚಿಂತೆ, ಮೂರೂ ಎಳೆಗಳನ್ನು ಹಿಡಿದಿರುವ ಬೆಳ್ಳಿ ಕೊಕ್ಕೆಯದೂ ಚಿಂತೆ. ರೇಷ್ಮೆಗೆ ಸೋಯಾ ವಾಸನೆ ಹಿಡಿದರೆ ಯಾವ ಮದುಮಗಳು ಅದನ್ನು ಎದೆಗೆ ಕಟ್ಟಿಸಿಕೊಳ್ಳುತ್ತಾಳೆ?

ಊರಿಗೆಲ್ಲ ಇದೊಂದೇ ನೊರಿಗೆ, ಮದುಮಗಳ ಎದೆಯ ಒಡವೆ. ಮದುವೆಯ ನಿಲುವಂಗಿಯೂ ಒಂದೇ. ಯಾರ ಮನೆಯಲ್ಲಿ ಮದುವೆಯಾದರೂ ಪೆಟ್ಟಿಗೆ ಅವರ ಮನೆಗೆ ಹೋಗುತ್ತದೆ, ಪೆಟ್ಟಿಗೆಯ ಹಿಂದೆ ನಾನು. ಮದುಮಗಳ ಜಡೆ ಬಿಚ್ಚಿ ತುರುಬು ಕಟ್ಟುವುದು, ಅಂಗಿಯ ಕಸೆಗೆ ನೊರಿಗೆ ಸಿಕ್ಕಿಸುವುದು, ಕೈಹಿಡಿದು ಅಂಗಳಕ್ಕೆ ತಂದು ನಮಸ್ಕಾರಕ್ಕೆ ಬಗ್ಗಿಸಿ ಎಬ್ಬಿಸುವುದು ನನ್ನ ಕೆಲಸ. ನನ್ನ ಅತ್ತೆಯ ಕೈಯಿಂದ ನನ್ನ ಕೈಗೆ ಬಂದದ್ದು. ಹೋದ ವರ್ಷ ಎಂಟನೆಯ ತಿಂಗಳಲ್ಲಿ ಕಚೇರಿಯವರು ಸಮುದ್ರದಾಚೆಯ ದೊರೆಗಳ ಯುದ್ಧಕ್ಕೆ ಲೋಹ ಬೇಕೆಂದು ಊಟದ ಚಮಚ, ಹಿತ್ತಾಳೆ ಬಟ್ಟಲು, ಕೊನೆಗೆ ಹಿರಿಯರ ಎಡೆಗೆ ಇಡುವ ತಟ್ಟೆಯನ್ನೂ ಬಿಡದೆ ಹೊತ್ತುಕೊಂಡು ಹೋದಾಗ, ನೊರಿಗೆ ನೆರೆಯಲ್ಲಿ ಕೊಚ್ಚಿಹೋಯಿತು ಎಂದು ಹೇಳಿ, ಅವರ ಅಕ್ಷರ ಬಾರದ್ದಕ್ಕೆ ಹೆಬ್ಬೆಟ್ಟು ಒತ್ತಿದೆ. ಆವತ್ತಿನಿಂದ ನಾಯಿ ಬೊಗಳಿದರೂ ಎದ್ದು ಬಾಗಿಲ ಅಗುಳಿ ಮುಟ್ಟಿ ನೋಡುತ್ತೇನೆ. ನಾನು ಹುಟ್ಟಾ ಪುಕ್ಕಲಿ. ಬೇರೆ ಯಾರಾದರೂ ಈ ಕೆಲಸ ನೋಡಿಕೊಳ್ಳುವಂತಿದ್ದರೆ ಎಷ್ಟೋ ಚೆನ್ನಾಗಿತ್ತು.

ಇವತ್ತು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಕಚೇರಿಯ ಗುಮಾಸ್ತ ನಾಮ್ ಬಾವಿಕಟ್ಟೆಯ ಹತ್ತಿರ ನಿಂತು, ಯಾರ ಮನೆಯಲ್ಲಿ ಮದುವೆಯಾಗದ ಹುಡುಗಿಯರಿದ್ದಾರೆ ಎಂದು ಹೆಂಗಸರನ್ನು ನಗುನಗುತ್ತಾ ಕೇಳಿದನಂತೆ. ಕಾರ್ಖಾನೆ ಕೆಲಸ, ಹೊಟ್ಟೆ ತುಂಬ ಊಟ, ಓದು ಕಲಿಸುತ್ತಾರೆ ಎಂದನಂತೆ. ಹೊಳೆಯಾಚೆ ಊರಿನಿಂದ ಹಾಗೆ ಹೋದವರಲ್ಲಿ ಒಬ್ಬಳ ಕಾಗದವೂ ಬಂದಿಲ್ಲ.

ನನ್ನ ಮನೆಯಲ್ಲಿ ಒಬ್ಬಳಿದ್ದಾಳೆ. ಸತ್ತ ಮಗಳ ಮಗಳು, ಚಾಸುನ್. ಹದಿನಾರು.

ಮೂರನೆಯ ತಿಂಗಳ ಹನ್ನೊಂದು

ಇವತ್ತು ಯಾರೂ ಬರಲಿಲ್ಲ. ಅದಕ್ಕೇ ಇನ್ನೂ ಹೆದರಿಕೆ.

ಮೂರನೆಯ ತಿಂಗಳ ಇಪ್ಪತ್ತೆರಡು

ಮೇಲಿನ ಕೇರಿಯಲ್ಲಿ ಒಂದು ಮದುವೆ. ಹುಡುಗಿಗೆ ಹದಿನಾಲ್ಕು, ಗಂಡಿಗೆ ನಲವತ್ತು ದಾಟಿದೆ. ಕಾರ್ಖಾನೆಯ ಪಟ್ಟಿಗೆ ಹೆಸರು ಹೋಗುವ ಮೊದಲು ಯಾರದೋ ಕೈಗೆ ಒಪ್ಪಿಸಿದರೆ ಸಾಕು ಎಂಬಂತಾಗಿದೆ ಎಲ್ಲರಿಗೂ. ನಿಲುವಂಗಿ ಅವಳಿಗೆ ಎಷ್ಟು ದೊಡ್ಡದಾಯಿತೆಂದರೆ ಬೆನ್ನ ಹಿಂದೆ ಮಡಚಿ ಹೊಲಿಗೆ ಹಾಕಬೇಕಾಯಿತು.

ಈಗೆಲ್ಲ ನೊರಿಗೆಯನ್ನು ಅಂಗಳಕ್ಕೆ ತರುವುದಿಲ್ಲ. ಒಳಕೋಣೆಯಲ್ಲಿ ಬಾಗಿಲು ಹಾಕಿ ಕಟ್ಟುತ್ತೇನೆ, ಹುಡುಗಿ ಒಂದು ಸಲ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾಳೆ, ಬಿಚ್ಚುತ್ತೇನೆ. ಆದರೆ ದಾರದ ಪದ್ಧತಿ ಬಿಟ್ಟಿಲ್ಲ. ಜಡೆಗೆ ಕಟ್ಟಿದ್ದ ಕೆಂಪು ಪಟ್ಟಿಯಿಂದ ಒಂದೆಳೆ ತೆಗೆದು ಮದುಮಗಳು ಕುಚ್ಚಿನ ಗಂಟಿನೊಳಗೆ ಸೇರಿಸಬೇಕು. ಹೊರಗಿನವರಿಗೆ ಕಾಣುವುದಿಲ್ಲ. ನಮ್ಮೂರಿನಲ್ಲಿ ಮದುವೆಯಾದವರೆಲ್ಲ ಅದರೊಳಗಿದ್ದಾರೆ. ನನ್ನ ಮಗಳದೂ ಇದೆ.

ಹುಡುಗಿ ದಾರ ಸೇರಿಸಿ ಬೆಳ್ಳಿ ಚಾಕು ಎಳೆದು ನೋಡಿದಳು. ಇದು ಹರಿತವಿದೆಯಾ ಅಜ್ಜಿ ಎಂದಳು. ಹಣ್ಣಿನ ಸಿಪ್ಪೆ ಕೂಡ ತೆಗೆಯುವುದಿಲ್ಲ ಎಂದೆ. ಸುಳ್ಳು. ಅವಳು ಅದನ್ನು ನೋಡಿದ ರೀತಿಗೆ ಕೂಡಲೇ ಕೈಯಿಂದ ಬಿಡಿಸಿಕೊಂಡೆ. ಮನೆಗೆ ಬಂದು ಮೊದಲು ಅದರ ಅಲಗನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದೆ. ಅತ್ತೆ ನೋಡಿದ್ದರೆ ನನ್ನ ಕೈ ಮುರಿಯುತ್ತಿದ್ದಳು.

ಮದುವೆ ಊಟದಲ್ಲಿ ಕೇಳಿದ ಸುದ್ದಿ: ಹೊಳೆಯಾಚೆ ಮಕ್ಕಳಿಲ್ಲದ ಎಳೇ ವಿಧವೆಯೊಬ್ಬಳ ಹೆಸರನ್ನೂ ಪಟ್ಟಿಗೆ ಸೇರಿಸಿದ್ದಾರಂತೆ. ಗಂಡ ಇಲ್ಲವಲ್ಲ, ಯಾರು ಕೇಳುತ್ತಾರೆ ಎಂದರಂತೆ. ಗಂಡ ಇರಬೇಕು, ಬದುಕಿರಬೇಕು. ಅಷ್ಟಿದ್ದರೆ ಸದ್ಯಕ್ಕೆ ಬಿಡುತ್ತಾರೆ.

ನಾಲ್ಕನೆಯ ತಿಂಗಳ ಆರು

ಚಾಸುನ್‌ಗೆ ಗಂಡು ಹುಡುಕಿ ಸೋತೆ. ಊರಿನಲ್ಲಿ ಉಳಿದಿರುವ ಗಂಡಸರೆಂದರೆ ಹಲ್ಲು ಬಿದ್ದವರು, ಇಲ್ಲವೇ ಹಲ್ಲು ಬಾರದವರು. ನಡುವಿನವರನ್ನೆಲ್ಲ ಸೈನ್ಯಕ್ಕೋ ಗಣಿಗೋ ಕೊಂಡೊಯ್ದಿದ್ದಾರೆ. ಅವಳನ್ನು ಹಿತ್ತಿಲು ದಾಟಲು ಬಿಟ್ಟಿಲ್ಲ. ಗುಮಾಸ್ತ ಅವಳ ಮುಖವನ್ನೇ ನೋಡಿಲ್ಲ, ಆದರೆ ಕಚೇರಿಯ ಪುಸ್ತಕದಲ್ಲಿ ಹೆಸರು ವಯಸ್ಸು ಎಲ್ಲ ಇರುತ್ತದೆ.

ಮಧ್ಯಾಹ್ನ ಪಕ್ಕದ ಮನೆಯ ಮನ್‌ಸಿಕನ ಅಮ್ಮ ಬಂದಳು. ನನಗೂ ಅವಳಿಗೂ ಅಷ್ಟಕ್ಕಷ್ಟೇ. ನಮ್ಮ ಕುಂಬಳದ ಬಳ್ಳಿ ಅವಳ ಗೋಡೆ ಹತ್ತಿದ್ದಕ್ಕೆ ಒಂದಿಡೀ ಬೇಸಿಗೆ ಮಾತು ಬಿಟ್ಟಿದ್ದಳು. ಬಾಯಿ ತೆರೆದರೆ ಮೂರು ಊರಿಗೆ ಕೇಳುತ್ತದೆ. ಹಿಂದೊಮ್ಮೆ ನರಿ ಅವಳ ಕೋಳಿ ಕದ್ದಾಗ ಎದೆ ಬಡಿದುಕೊಂಡು ಅತ್ತ ಅಳುವಿಗೆ, ಯಾರೋ ಸತ್ತರೆಂದು ಜನ ಬಿಳಿ ಬಟ್ಟೆ ಉಟ್ಟುಕೊಂಡು ಬಂದಿದ್ದರು. ಅವಳ ಒಬ್ಬನೇ ಮಗ ಮನ್‌ಸಿಕನನ್ನು ಹೋದ ವರ್ಷ ಒಂಬತ್ತನೆಯ ತಿಂಗಳ ಕೊನೆಗೆ ಸಮುದ್ರದಾಚೆಯ ಕಲ್ಲಿದ್ದಲ ಗಣಿಗೆ ಒಯ್ದರು. ಚಳಿಗಾಲದಲ್ಲಿ ಒಂದು ಕಾಗದ ಬಂತು, ಆಮೇಲಿಲ್ಲ.

ಬಂದವಳು ಜಗಲಿಯ ತುದಿಯಲ್ಲಿ ಕೂತು ಸುಮ್ಮನೆ ಹುಲ್ಲು ಕೀಳುತ್ತಿದ್ದಳು. ಆಮೇಲೆ ಹೇಳಿದಳು:

"ಅಕ್ಕ, ನಿನ್ನ ಮೊಮ್ಮಗಳನ್ನ ನನ್ನ ಮಗನಿಗೆ ಕೊಟ್ಬಿಡು."

"ಮಗ ಎಲ್ಲಿದಾನೆ ಕೊಡೋದಕ್ಕೆ?"

"ಬರ್ತಾನೆ. ಅವನು ಹೋಗೋಕ್ ಮುಂಚೇನೇ ಮದುವೆ ಆಗಿತ್ತು ಅನ್ನೋಣ. ಊರೋರೂ ನೋಡಿದೀವಿ ಅಂತಾರೆ. ಅವರವರ ಮನೇಲೂ ಹೆಣ್ಮಕ್ಕಳಿಲ್ವಾ?"

ನಿನಗೇನು ಲಾಭ ಎಂದು ಕೇಳಿಯೇಬಿಟ್ಟೆ. ಅವಳಿಗೆ ಸಿಟ್ಟು ಬರಲಿಲ್ಲ. ಮನೆಯಲ್ಲಿ ಅವನ ಹೆಸರು ಹೇಳುವುದಕ್ಕೆ ಇನ್ನೊಂದು ಬಾಯಿ ಬೇಕು ಎಂದಳು.

ಆಮೇಲೆ ನೋಡೋಣ ಎಂದು ಕಳಿಸಿದೆ. ಎದುರಿಗಿಲ್ಲದ ಗಂಡಸಿನ ಹೆಸರಿಗೆ ತುರುಬು ಕಟ್ಟುವುದು, ಆಗದ ಮದುವೆಯನ್ನು ಆಗಿದೆ ಎನ್ನುವುದು. ಅವನು ಬದುಕಿಲ್ಲದಿದ್ದರೆ ಹುಡುಗಿಯನ್ನು ದೆವ್ವಕ್ಕೆ ಕೊಟ್ಟ ಹಾಗೆ. ಪೊಲೀಸರಿಗೆ ಹೆದರಲೋ, ಮೇಲಿನ ದೇವರಿಗೆ ಹೆದರಲೋ? ಇಬ್ಬರಿಗೂ ಹೆದರುತ್ತಾ ಕೂತಿದ್ದಾಗ ಒಲೆ ಮೇಲಿಟ್ಟ ಗಂಜಿ ಸೀದುಹೋಯಿತು.

ನಾಲ್ಕನೆಯ ತಿಂಗಳ ಇಪ್ಪತ್ತೇಳು

ಈ ವರ್ಷ ಅಧಿಕ ಮಾಸವಿದೆ ಎಂಬುದೇ ಮರೆತಿತ್ತು. ಇನ್ನು ಕೆಲವೇ ದಿನಕ್ಕೆ ನಾಲ್ಕನೆಯ ತಿಂಗಳು ಮತ್ತೊಮ್ಮೆ ಶುರುವಾಗುತ್ತದೆ. ಆ ತಿಂಗಳಲ್ಲಿ ಮೇಲಿನ ದೇವರಾಗಲಿ ಕೆಳಗಿನ ದೆವ್ವಗಳಾಗಲಿ ಮನುಷ್ಯರ ಕಡೆ ಕಣ್ಣು ಹಾಯಿಸುವುದಿಲ್ಲ. ಸಮಾಧಿ ಕದಲಿಸುವವರು, ತಮ್ಮ ಹೆಣದ ಬಟ್ಟೆ ತಾವೇ ಹೊಲಿಸಿಡುವವರು ಅದಕ್ಕೇ ಕಾಯುತ್ತಾರೆ. ಸುಳ್ಳು ಮದುವೆಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿದೆ? ಒಂದು ಹೆದರಿಕೆ ಕಡಿಮೆಯಾಯಿತು. ಉಳಿದದ್ದು ಪೊಲೀಸರದು.

ಚಾಸುನ್‌ಗೆ ಹೇಳಿದೆ. ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

"ಅಜ್ಜಿ, ಅವನು ವಾಪಸ್ ಬಂದು, ಮನೇಲಿ ಹೆಂಡ್ತಿ ಇರೋದ್ ನೋಡಿ ಬಂದ ದಾರೀಲೇ ಓಡಿಹೋದ್ರೆ?"

"ಓಡ್ಲಿ. ನೀನಂತೂ ಇಲ್ಲೇ ಇರ್ತೀಯಲ್ಲ."

ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಒಳ್ಳೆಯ ಸೊಪ್ಪನ್ನು ಕಸಕ್ಕೂ ಕಡ್ಡಿಯನ್ನು ಬುಟ್ಟಿಗೂ ಹಾಕುತ್ತಿದ್ದಳು.

ಅಧಿಕ ನಾಲ್ಕನೆಯ ತಿಂಗಳ ಮೂರು

ಮದುವೆಯಾಯಿತು. ಮದುವೆ ಎನ್ನಬೇಕೋ ಏನೋ. ಮನ್‌ಸಿಕನ ಮನೆಯ ಒಳಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ಒಂದು ದಿಂಬಿಗೆ ಅವನ ಹಳೇ ಅಂಗಿ ತೊಡಿಸಿ ಕೂರಿಸಿದೆವು. ಪಕ್ಕದಲ್ಲಿ ಮದುವೆ ಶಾಸ್ತ್ರಕ್ಕೆ ಇಡುವ ಮರದ ಬಾತುಕೋಳಿ. ಚಾಸುನ್ ದಿಂಬಿಗೆ ನಮಸ್ಕಾರ ಮಾಡುವಾಗ ಮೊದಲು ನಗು ತಡೆಯಲಾರದೆ ಹೋದಳು, ಆಮೇಲೆ ಅಳು ತಡೆಯಲಾರದೆ ಹೋದಳು. ನೊರಿಗೆ ಕಟ್ಟಿದೆ. ಅವಳು ತನ್ನ ಪಟ್ಟಿಯ ದಾರವನ್ನು ನೀಲಿ ಕುಚ್ಚಿನಲ್ಲಿ ಸೇರಿಸಿದಳು. ಸೋಯಾ ವಾಸನೆ ಬರುತ್ತಾ ಇದೆ ಅಜ್ಜಿ, ಗಂಡನಿಗೆ ಹಸಿವಾಗುತ್ತೆ ಎಂದಳು.

ನಿಲುವಂಗಿ ಕಳಚಿ, ಮುಂದೆ ದಿನಾ ಉಡಲೆಂದು ನಾನೇ ಹೊಲಿದಿಟ್ಟಿದ್ದ ಗಿಡ್ಡ ಅಂಗಿ ತೊಡಿಸಿದೆ. ಅದನ್ನು ನೋಡಿದ್ದೇ ಮನ್‌ಸಿಕನ ಅಮ್ಮ ಚೀರಿದಳು. ಚೀರಿ, ನೆಲಕ್ಕೆ ಕೂತು, ಎದೆ ಎದೆ ಬಡಿದುಕೊಂಡಳು. ನನಗೆ ಏನೆಂದು ತಿಳಿಯುವಷ್ಟರಲ್ಲಿ ಬೀದಿಯ ನಾಯಿಗಳೆಲ್ಲ ಬೊಗಳತೊಡಗಿದವು.

"ಸಾಯ್ಸಿಬಿಟ್ಯಲ್ಲೇ! ನನ್ನ ಮಗನ್ನ ನಿನ್ನ ಕೈಯಾರೆ ಸಾಯ್ಸಿಬಿಟ್ಯಲ್ಲೇ!"

ಆಗ ಕಂಡಿತು. ಕಸೆಯನ್ನು ಬಿಳಿ ಬಟ್ಟೆಯಲ್ಲಿ ಹೊಲಿದಿದ್ದೆ. ಗಂಡನಿರುವವಳಿಗೆ ನೇರಳೆ ಕಸೆ, ಇಲ್ಲದವಳಿಗೆ ಬಿಳಿ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ. ಇಪ್ಪತ್ತು ವರ್ಷದಿಂದ ನನ್ನ ಅಂಗಿಗೆ ಬಿಳಿ ಕಸೆ ಹೊಲಿದು ಹೊಲಿದು ಕೈಗೆ ಅದೇ ರೂಢಿಯಾಗಿಬಿಟ್ಟಿದೆ. ಊರ ಮದುಮಕ್ಕಳನ್ನೆಲ್ಲ ಸಿಂಗರಿಸಿದ ನಾನು ನನ್ನ ಮೊಮ್ಮಗಳನ್ನು ಮದುವೆಯ ದಿನವೇ ವಿಧವೆ ಮಾಡಿದೆ.

ಮನ್‌ಸಿಕನ ಅಮ್ಮನ ಬಾಯಿಯನ್ನು ಎರಡೂ ಕೈಯಲ್ಲಿ ಮುಚ್ಚಿದೆ. ಕಚ್ಚಿದಳು. ಮುಚ್ಚಿಯೇ ಇದ್ದೆ. ಗೋಡೆಯಾಚೆಯಿಂದ ಯಾರೋ ಏನಾಯಿತು ಎಂದು ಕೂಗಿದಾಗ ಚಾಸುನ್, ನರಿ ಬಂದಿತ್ತು, ಕೋಳಿ ಹೋಯಿತು ಎಂದು ಕೂಗಿ ಹೇಳಿದಳು. ಅವರು ನಂಬಿ ಹೋದರು.

ಅಧಿಕ ನಾಲ್ಕನೆಯ ತಿಂಗಳ ಐದು

ನೇರಳೆ ಬಟ್ಟೆ ಇಡೀ ಊರಿನಲ್ಲಿ ಒಂದು ಚೂರಿಲ್ಲ. ಪಡಿತರದಲ್ಲಿ ಕೊಡುವುದು ಗೋಣಿಯಂಥ ಬೂದುಬಟ್ಟೆ. ನೇರಳೆ ಬಣ್ಣ ನಿಲ್ಲಬೇಕಾದರೆ ಬೆಟ್ಟದ ಮೇಲಿನ ಕೆಂಬೇರು ಬೇಕು, ಅದನ್ನು ಅಗೆಯಲು ನನ್ನ ಮಂಡಿಗೆ ಶಕ್ತಿಯಿಲ್ಲ. ಮನ್‌ಸಿಕನ ಅಮ್ಮನಿಗೆ ಆ ಏರು ಕಂಡರೆ ಉಬ್ಬಸ. ಸದ್ಯ, ಹಿಪ್ಪುನೇರಳೆ ಹಣ್ಣು ಬಿಟ್ಟಿದೆ. ಇಬ್ಬರೂ ಕೂತು ಹಿಂಡಿ, ಬಿಳಿ ಕಸೆಯನ್ನು ಅದ್ದಿ ಅದ್ದಿ ತೆಗೆದೆವು. ಬಣ್ಣವೇನೋ ಬಂತು. ನಮ್ಮ ಕೈಗಳೂ ನೇರಳೆಯಾದವು, ಉಜ್ಜಿದರೂ ಹೋಗಲೊಲ್ಲದು.

"ನೋಡಕ್ಕ, ನಿಂಗೂ ಗಂಡ ವಾಪಸ್ ಬಂದ ಹಾಗಾಯ್ತು" ಎಂದಳು.

ನನ್ನ ಬೆರಳ ಮೇಲೆ ಅವಳು ಕಚ್ಚಿದ ಗುರುತು ಇನ್ನೂ ಇತ್ತು. ಆದರೂ ನಗು ಬಂತು. ಚಾಸುನ್ ಅವಳನ್ನು ಅತ್ತೆ ಎಂದು ಕರೆಯಲು ಶುರುಮಾಡಿದ್ದಾಳೆ. ಯಾರೂ ಹೇಳಿಕೊಟ್ಟದ್ದಲ್ಲ.

ಅಧಿಕ ನಾಲ್ಕನೆಯ ತಿಂಗಳ ಹತ್ತೊಂಬತ್ತು

ಬಂದ.

ಗುಮಾಸ್ತ ನಾಮ್ ಮನ್‌ಸಿಕನ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಚಾಸುನ್ ತುರುಬು ಕಟ್ಟಿ, ನೇರಳೆ ಕಸೆಯ ಅಂಗಿ ಉಟ್ಟು, ತಲೆ ತಗ್ಗಿಸಿ ನಿಂತಿದ್ದಳು. ಮದುವೆ ಯಾವಾಗ ಎಂದು ಕೇಳಿದ. ಹೋದ ವರ್ಷ ಒಂಬತ್ತನೆಯ ತಿಂಗಳು ಎಂದೆವು. ಕಚೇರಿಯಲ್ಲಿ ಬರೆಸಿಲ್ಲವಲ್ಲ ಎಂದ. ಹಳ್ಳಿಯಲ್ಲಿ ಮದುವೆಯಾದ ಮರುದಿನವೇ ಕಚೇರಿಗೆ ಓಡುವವರು ಯಾರಪ್ಪ ಎಂದಳು ಮನ್‌ಸಿಕನ ಅಮ್ಮ. ಅದೂ ನಿಜವೇ, ಅವನು ಒಪ್ಪಿದ ಹಾಗೆ ಕಂಡಿತು. ನೆರೆಹೊರೆಯವರನ್ನು ಒಬ್ಬೊಬ್ಬರಾಗಿ ಕರೆದು ಕೇಳಿದ. ಎಲ್ಲರೂ ನೋಡಿದ್ದೇವೆ ಎಂದರು. ನನಗೆ ಉಸಿರು ಹಿಂದಕ್ಕೆ ಬಂದಿತ್ತು.

ಕೊನೆಗೆ ಬುಟ್ಟಿ ಹೆಣೆಯುವವನ ಮುದುಕಿ ಹೆಂಡತಿಯನ್ನು, ಮದುಮಗಳು ಹೇಗೆ ಕಾಣುತ್ತಿದ್ದಳು ಎಂದು ಕೇಳಿದ. ಪಾಪ, ಅವಳು ನಮಗೆ ಒಳ್ಳೆಯದಾಗಲೆಂದೇ ಬಾಯಿ ತುಂಬ ಹೇಳಿದಳು.

"ಅಯ್ಯೋ, ಎಷ್ಟ್ ಚೆಂದ ಅಂತೀರಿ. ಕಸೇಲಿ ನೊರಿಗೆ, ಆ ಹವಳ ಕೆಂಪಗೆ ಹೊಳೀತಾ ಇತ್ತು."

ನಮ್ಮೂರಿನಲ್ಲಿ ಮದುವೆ ಎಂದರೆ ನೊರಿಗೆ. ಅದಿಲ್ಲದ ಮದುಮಗಳನ್ನು ಅವಳ ಬಾಯಿ ಹೇಳಲಾರದು. ಇನ್ನೊಬ್ಬರಿಗೂ ಹಾಗೇ ಆಗುತ್ತಿತ್ತು. ಅವರಿಗೆ ಮೊದಲೇ ಹೇಳಿಡಬೇಕೆಂದು ನನಗೇ ಹೊಳೆಯಲಿಲ್ಲವಲ್ಲ.

ನಾಮ್ ನಿಧಾನಕ್ಕೆ ನನ್ನ ಕಡೆ ತಿರುಗಿದ.

"ಏನಜ್ಜಿ, ಎಂಟನೇ ತಿಂಗಳಲ್ಲಿ ನೊರಿಗೆ ನೆರೇಲಿ ಹೋಯ್ತು ಅಂತ ಹೆಬ್ಬೆಟ್ ಒತ್ತಿದ್ದೆ. ಒಂಬತ್ತನೇ ತಿಂಗಳು ಇವಳ ಎದೆ ಮೇಲೆ ಹೆಂಗ್ ಬಂತು? ಎರಡ್ರಲ್ಲಿ ಒಂದು ಸುಳ್ಳು. ಯಾವ್ದು ಅಂತ ನೀನೇ ಹೇಳು. ನಾಳೆ ಬರ್ತೀನಿ."

ಯಾವ ಬಾಯಲ್ಲಿ ಏನು ಹೇಳಲಿ? ಮುದುಕಿಗೆ ಅರಳುಮರಳು, ನೊರಿಗೆ ಇರಲಿಲ್ಲ ಎಂದರೆ ಅವಳ ಸಾಕ್ಷಿ ಬಿತ್ತು, ಉಳಿದವರದೂ ಬಿತ್ತು, ಮದುವೆಯೂ ಬಿತ್ತು. ಇತ್ತು ಎಂದರೆ ಲೋಹ ಬಚ್ಚಿಟ್ಟವಳು ನಾನು. ಬಚ್ಚಿಟ್ಟವರನ್ನು ಠಾಣೆಯಲ್ಲಿ ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಚಾಸುನ್ ನನ್ನ ಲಂಗದಂಚು ಹಿಡಿದು, ನಾನು ಹೋಗ್ತೀನಿ ಅಜ್ಜಿ, ಕಾರ್ಖಾನೆ ತಾನೇ ಎನ್ನುತ್ತಿದ್ದಾಳೆ. ಅವಳ ಹಲ್ಲು ಕಟಕಟ ಅನ್ನುತ್ತಿದೆ. ನನ್ನದೂ.

ಅಧಿಕ ನಾಲ್ಕನೆಯ ತಿಂಗಳ ಇಪ್ಪತ್ತು

ಅವನು ಬರುವ ಮೊದಲೇ ಬರೆದಿಡುತ್ತೇನೆ, ಆಮೇಲೆ ಆಗುತ್ತದೋ ಇಲ್ಲವೋ. ಬೆಳಿಗ್ಗೆಯಿಂದ ಮೂರು ಸಲ ಬಾಗಿಲಿಗೆ ಹೋಗಿ ನೋಡಿ ಬಂದೆ. ಬುರುಡೆಯನ್ನು ಗಡಿಗೆಯಿಂದ ತೆಗೆಯಲು ಹೋಗಿ ಮತ್ತೆ ಬಿಟ್ಟೆ. ಅತ್ತೆ ಸಾಯುವಾಗ ನನ್ನ ಕೈಯಲ್ಲಿ ಇಟ್ಟು ಹೋದದ್ದು. ನನ್ನ ಮಗಳ ದಾರ ಇದೆ ಅದರಲ್ಲಿ. ಬೇರೆ ಯಾರಾದರೂ ನನ್ನ ಜಾಗದಲ್ಲಿದ್ದರೆ ಏನಾದರೂ ಉಪಾಯ ಹುಡುಕುತ್ತಿದ್ದರು. ನನ್ನಂಥ ಪುಕ್ಕಲಿಗೆ ಏನು ತೋಚುತ್ತದೆ.

ಬಾಗಿಲ ಸದ್ದು.

ಐದನೆಯ ತಿಂಗಳ ಎರಡು

ಬಲಗೈ ಊದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮನೆಗೆ ಬಂದಿದ್ದೇನೆ. ಚಾಸುನ್ ಇದ್ದಾಳೆ.

ಐದನೆಯ ತಿಂಗಳ ಎಂಟು

ಆವತ್ತಿನದನ್ನು ಬರೆಯುತ್ತೇನೆ. ಬರೆದರೆ ಕನಸಿನಲ್ಲಿ ಬರುವುದು ನಿಲ್ಲಬಹುದು.

ನಾಮ್ ಒಬ್ಬನೇ ಬಂದಿದ್ದ. ಗಡಿಗೆ ಹಿಡಿದುಕೊಂಡು ನಿಂತೆ. ನೊರಿಗೆ ಇದೆ ಎಂದೆ. ಎಲ್ಲಿ ಎಂದ. ಮದುವೆ ನಿಜ, ಅದನ್ನು ಮೊದಲು ಬರೆದುಕೋ ಎಂದೆ. ಅವನು ನಕ್ಕ. ನನಗೆ ಅದೇನಾಯಿತೋ, ಬಾಯಿ ತಾನಾಗಿ ಮಾತಾಡುತ್ತಿತ್ತು.

"ಚಾಸುನ್, ಮನ್‌ಸಿಕನ ಹೆಂಡ್ತಿ, ಒಂಬತ್ತನೇ ತಿಂಗಳು. ಬರ್ದು ಮುದ್ರೆ ಒತ್ತು. ಆಮೇಲ್ ತೋರಿಸ್ತೀನಿ. ಇಲ್ದಿದ್ರೆ ಊರೆಲ್ಲಾ ಅಗೆದ್ರೂ ನಿಂಗೆ ಸಿಗಲ್ಲ. ನೀನು ಬರಿಗೈಲಿ ಹೋಗಿ ನಿನ್ ಸಾಹೇಬ್ರಿಗೆ ಏನ್ ಹೇಳ್ತೀಯ?"

ಅವನು ಕಾಗದ ತೆಗೆದ. ಅವನು ಆ ತಿಂಗಳು ಒಪ್ಪಿಸಬೇಕಾದ ಲೋಹದ ಪಾಲು ಇನ್ನೂ ತುಂಬಿರಲಿಲ್ಲವಂತೆ, ಆಮೇಲೆ ಕೇಳಿದೆ. ಮಂಡಿಯ ಮೇಲೆ ಕಾಗದ ಇಟ್ಟುಕೊಂಡು ಬರೆದ, ಮುದ್ರೆ ಒತ್ತಿದ. ನಾನು ತೋಳಿನವರೆಗೆ ಗಡಿಗೆಯಲ್ಲಿ ಕೈ ಇಳಿಸಿ ಬುರುಡೆ ತೆಗೆದು ಒಡೆದೆ. ಬೆಳ್ಳಿಯೆಲ್ಲ ಕಪ್ಪಾಗಿತ್ತು. ಅವನು ಅಲ್ಲೇ ಕೂತು ಕೊಕ್ಕೆ ಕಿತ್ತ, ಚಾಕು ಕಿತ್ತ. ಹವಳವನ್ನೂ ಚಿಟ್ಟೆಯನ್ನೂ ಕತ್ತರಿಸಿ ಜೇಬಿಗೆ ಹಾಕಿಕೊಂಡ. ಯುದ್ಧಕ್ಕೆ ಹವಳ ಯಾಕೆ ಬೇಕೋ. ಕುಚ್ಚುಗಳನ್ನು ಒಲೆಗೆ ಎಸೆಯಲು ಎದ್ದ.

"ಹಳದಿ ಕುಚ್ಚಲ್ಲಿ ನಿಮ್ಮಮ್ಮನ ದಾರ ಇದೆ. ಅವಳ ತುರುಬು ಕಟ್ಟಿದ್ದು ನಾನೇ. ಈ ಊರಿಂದ್ಲೇ ನಿಮ್ಮೂರಿಗೆ ಹೋದ್ಲು."

ಅವನ ತಾಯಿ ಅವನು ಹಾಲು ಬಿಡುವ ಮೊದಲೇ ಸತ್ತವಳು. ಕುಚ್ಚುಗಳು ಅವನ ಕೈಯಿಂದ ಕಲ್ಲಿನ ಮೇಲೆ ಬಿದ್ದವು, ಅವನು ಅವನ್ನು ತುಳಿಯದೆ ದಾಟಿಹೋದ. ಮರುದಿನ ಕತ್ತಿ ಕಟ್ಟಿದ ಪೊಲೀಸ್ ಬಂದು ನನ್ನನ್ನು ಠಾಣೆಗೆ ಕರೆದೊಯ್ದ. ಅಲ್ಲಿನದನ್ನು ಬರೆಯುವುದಿಲ್ಲ. ತುಂಬ ಕೂಗಾಡಿದೆ, ನಾಚಿಕೆಯಾಗುತ್ತದೆ. ಇನ್ನೇನು ಬಚ್ಚಿಟ್ಟಿದ್ದೀಯ, ಇನ್ನೇನು ಸುಳ್ಳು ಹೇಳಿದ್ದೀಯ ಎಂದು ಕೇಳುತ್ತಲೇ ಇದ್ದರು. ಇನ್ನೇನೂ ಇಲ್ಲ ಎನ್ನುತ್ತಲೇ ಇದ್ದೆ.

ಐದನೆಯ ತಿಂಗಳ ಇಪ್ಪತ್ತೈದು

ಕೆಳ ಕೇರಿಯಲ್ಲಿ ಮದುವೆ ಇಟ್ಟುಕೊಂಡಿದ್ದಾರೆ. ನೊರಿಗೆ ಇಲ್ಲವಮ್ಮ ಎಂದೆ. ಹುಡುಗಿಯ ತಾಯಿ, ಕುಚ್ಚು ಇದೆಯಲ್ಲ ಅಕ್ಕ, ಅದನ್ನೇ ಕಟ್ಟು ಎಂದಳು.

ಕಲ್ಲಿಲ್ಲ, ಬೆಳ್ಳಿಯಿಲ್ಲ, ಮೂರು ಬರೀ ಕುಚ್ಚು. ಗಂಟುಗಳು ಸಡಿಲವಾಗಿದ್ದವು. ನನ್ನ ಬೆರಳು ಮಡಚುವುದಿಲ್ಲ. ಮನ್‌ಸಿಕನ ಅಮ್ಮನಿಗೆ ಹೇಳಿಕೊಟ್ಟು ಕಟ್ಟಿಸಿದೆ. ಅವಳ ಕೈ ಬಲು ಒರಟು, ಎಳೆದರೆ ಎಮ್ಮೆಯ ಹಗ್ಗ ಎಳೆದ ಹಾಗೆ. ಬೈದೆ. ಅವಳೂ ಬೈದಳು. ಸಂಜೆಯ ಹೊತ್ತಿಗೆ ಒಂದು ಗಂಟು ಗಂಟಿನ ಹಾಗೆ ಕಂಡಿತು. ಈಗ ಅದನ್ನು ಬಚ್ಚಿಡುವ ಕೆಲಸವೂ ಇಲ್ಲ, ಗೂಟಕ್ಕೆ ನೇತುಹಾಕಿದ್ದೇವೆ. ಆದರೂ ಬೆಳಿಗ್ಗೆ ಎದ್ದು ಗಡಿಗೆಗೆ ಕೈ ಹಾಕುತ್ತೇನೆ.

ಆರನೆಯ ತಿಂಗಳ ಹದಿನೇಳು

ನಾಮ್ ಮತ್ತೆ ಊರಿನಲ್ಲಿ ಓಡಾಡುತ್ತಿದ್ದಾನೆ. ಮೇಲಿನ ಕೇರಿಯ ಇಬ್ಬರ ಹೆಸರು ಬರೆದುಕೊಂಡನಂತೆ. ನಮ್ಮ ಮನೆಯ ಮುಂದೆ ನಿಂತ, ಚಾಸುನ್‌ಳ ಕಸೆ ನೋಡಿದ, ಗಂಡನ ಕಾಗದ ಬಂತಾ ಎಂದು ಕೇಳಿದ. ಬರುತ್ತೆ ಎಂದಳು ಅವಳು. ಹೋದ.

ಆರನೆಯ ತಿಂಗಳ ಇಪ್ಪತ್ತೊಂದು

ಇದನ್ನು ಬರೆಯಬಾರದು. ಬರೆದು ಒಲೆಗೆ ಹಾಕುತ್ತೇನೆ.

ಬೆಳಿಗ್ಗೆ ಚಾಸುನ್ ಹೊಲಕ್ಕೆ ಹೋಗಿದ್ದಳು. ಮನ್‌ಸಿಕನ ಅಮ್ಮ ನಮ್ಮ ಹಿತ್ತಿಲ ಬಾಗಿಲಿಂದ ಬಂದಳು. ಬಂದು ಕುಚ್ಚುಗಳನ್ನು ಗೂಟದಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. ಯಾವ ಗಂಟು ಬಿಚ್ಚಿದೆ ಎಂದು ಕೇಳಿದೆ. ಅವಳು ಸೊಂಟದಿಂದ ಒಂದು ಹೊಗೆಸೊಪ್ಪಿನ ಚೀಲ ತೆಗೆದಳು. ಮಗ ಹೋಗುವಾಗ ಅವಳೇ ಹೊಲಿದು ಕೊಟ್ಟದ್ದು. ಲಾಡಿ ನಾನು ಹೆಣೆದದ್ದು.

ಹೊಳೆಯಾಚೆ ಊರಿನ ಒಬ್ಬ ಗಣಿಯಿಂದ ಕಾಲು ಮುರಿದುಕೊಂಡು ವಾಪಸು ಬಂದಿದ್ದಾನಂತೆ. ನಿನ್ನೆ ಇವಳನ್ನು ಕರೆಸಿ ಚೀಲ ಕೊಟ್ಟನಂತೆ. ಚಳಿಗಾಲದಲ್ಲೇ ಗಣಿಯ ಛಾವಣಿ ಮನ್‌ಸಿಕನ ಮೇಲೆ ಕುಸಿದಿತ್ತು. ಕಚೇರಿಗೆ ಕಾಗದ ಬಂದಿಲ್ಲ, ಯಾವಾಗ ಬರುತ್ತದೋ ಗೊತ್ತಿಲ್ಲ. ಚೀಲ ತಂದವನು ಇನ್ನಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ.

ನಾನು ಅವಳ ಬಾಯಿ ಮುಚ್ಚಲು ಕೈ ಎತ್ತಿದೆ. ಬೇಕಾಗಲಿಲ್ಲ. ಕೋಳಿ ಸತ್ತರೆ ಮೂರು ಊರಿಗೆ ಕೇಳುವಂತೆ ಅಳುವವಳು ತುಟಿ ಬಿಗಿಹಿಡಿದು ಕೂತಿದ್ದಳು. ಕುತ್ತಿಗೆಯ ನರ ಉಬ್ಬಿತ್ತು, ಅಷ್ಟೇ. ಗೋಡೆಯಾಚೆ ಯಾರೋ ಬಾರ್ಲಿ ಕುಟ್ಟುತ್ತಿದ್ದರು.

"ಮಗು ಕಸೆ ಬದಲಾಯಿಸ್ಬೇಡ ಅಕ್ಕ" ಎಂದಳು. "ನಾನು ಬಿಳೀದು ಉಡಲ್ಲ. ಎಡೆ ಇಡಲ್ಲ. ಅಳೋದೂ ಇಲ್ಲ. ಅವನು ಬದುಕಿದಾನೆ. ನೀನೂ ಹಂಗೇ ಅನ್ನು."

ಚೀಲದ ಲಾಡಿಯಿಂದ ಒಂದೆಳೆ ಕಿತ್ತು ನನ್ನ ಮುಂದೆ ಹಿಡಿದಳು. ಇದುವರೆಗೆ ಯಾವ ಗಂಡಸಿನ ದಾರವೂ ಆ ಕುಚ್ಚಿನೊಳಗೆ ಹೋಗಿಲ್ಲ. ಹಾಗೆ ಮಾಡಬಾರದೇನೋ. ಅಧಿಕ ಮಾಸ ಮುಗಿದು ಬಹಳ ದಿನವಾಯಿತು, ಈಗ ಎಲ್ಲರೂ ನೋಡುತ್ತಿರುತ್ತಾರೆ. ನೋಡಿಕೊಳ್ಳಲಿ ಎಂದು ನೀಲಿ ಕುಚ್ಚನ್ನು ಎತ್ತಿಕೊಂಡೆ. ನನ್ನ ಬೆರಳಿಗೆ ಆಗಲಿಲ್ಲ. ಅವಳೇ ಗಂಟು ಬಿಡಿಸಿ, ಚಾಸುನ್‌ಳ ಕೆಂಪೆಳೆಯ ಪಕ್ಕದಲ್ಲಿ ಅದನ್ನು ಸೇರಿಸಿ, ಎಲ್ಲೂ ಕಾಣದ ಹಾಗೆ ಬಿಗಿದಳು. ಇಷ್ಟು ಚೆನ್ನಾದ ಗಂಟನ್ನು ಅವಳು ಹಿಂದೆ ಕಟ್ಟಿರಲಿಲ್ಲ. ಅತ್ತದ್ದು ನಾನು, ಲಂಗದಂಚು ಬಾಯಿಗೆ ತುರುಕಿಕೊಂಡು.

ಚಾಸುನ್ ಬರುವ ಸದ್ದು ಕೇಳಿ ಅವಳು ಚೀಲವನ್ನು ಒಳಗೆ ಸೇರಿಸಿದಳು. ಹುಡುಗಿ ಬೆವರಿ ಬಂದಿದ್ದಳು, ಕಸೆ ಬಿಚ್ಚಿಹೋಗಿತ್ತು. ಎರಡೂ ಕೈಯಲ್ಲಿ ಸೊಪ್ಪಿನ ಬುಟ್ಟಿ. ಅತ್ತೆ, ಸ್ವಲ್ಪ ಕಟ್ಟಿ ಎಂದು ಎದೆ ಮುಂದು ಮಾಡಿ ನಿಂತಳು.

ಮನ್‌ಸಿಕನ ಅಮ್ಮ ಎದ್ದು ಕಸೆ ಕಟ್ಟಿದಳು. ಕಟ್ಟಿ, ತುದಿಯನ್ನು ಬೆರಳಲ್ಲಿ ಎಳೆದು ಬೆಳಕಿಗೆ ಹಿಡಿದು ನೋಡಿದಳು.

"ಹಣ್ಣಿನ ಬಣ್ಣ ನಿಲ್ಲಲ್ಲ, ಆಗ್ಲೇ ಬಿಳಚ್ಕೊಳ್ತಾ ಇದೆ. ನಾಳೆ ಬೆಟ್ಟಕ್ಕೆ ಹೋಗಿ ಬೇರು ಅಗೆದು ತರ್ತೀನಿ" ಎಂದಳು. "ಬೇರಿನ ಬಣ್ಣ ಹೋಗಲ್ಲ."